ನೊಯ್ಯಲ್ ದಂಡೆಯಲ್ಲಿ ಚಿಕ್ಕಮ್ಮನ ಪಿಸುಮಾತು

ನನ್ನ ದುರ್ಬೀನಿಗೆ ಒಂದು ಪಟ್ಟಿ ಇದೆ. ಕಡುಗೆಂಪು ಮೈ, ಗಿಳಿಹಸಿರು ಅಂಚು, ನಡುವೆ ಸಾಲಾಗಿ ಹಳದಿ ಮಾವಿನಕಾಯಿ. ಹಳೆಯ ಸೀರೆಯೊಂದರ ಅಂಚನ್ನು ಕತ್ತರಿಸಿ, ಮಡಚಿ, ಹೊಲಿದು ಮಾಡಿದ್ದು. ಹಕ್ಕಿ ನೋಡಲು ಹೋಗುವವರು ಒಣಹುಲ್ಲಿನ ಬಣ್ಣದ, ಇಲ್ಲವೇ ಮಣ್ಣಿನ ಬಣ್ಣದ ಬಟ್ಟೆ ತೊಡಬೇಕು, ಹಕ್ಕಿಗಳ ಕಣ್ಣಿಗೆ ನಾವು ಬೀಳಲೇಬಾರದು ಎಂಬುದು ಬಲ್ಲವರ ಮಾತು. ನಾನೂ ಹಾಗೇ ತೊಡುತ್ತೇನೆ. ಕೊರಳಲ್ಲಿ ಮಾತ್ರ ಮದುವೆ ದಿಬ್ಬಣ ಹೊರಟ ಹಾಗೆ ಈ ಪಟ್ಟಿ ಮೆರೆಯುತ್ತಿರುತ್ತದೆ. ಕೊಳ್ಳೇಗಾಲದ ನಮ್ಮ ಹಕ್ಕಿ ಬಳಗದವರು ಮೊದಮೊದಲು ಸೌಜನ್ಯದಿಂದ ಹೇಳಿದರು, ಆಮೇಲೆ ಗೇಲಿ ಮಾಡಿದರು, ಈಗ ಕೈಬಿಟ್ಟಿದ್ದಾರೆ. "ಮೇಡಂ, ನೀವು ಸ್ವಲ್ಪ ಹಿಂದೆ ಬನ್ನಿ" ಎನ್ನುವಷ್ಟಕ್ಕೆ ಅವರ ಆಕ್ಷೇಪಣೆ ನಿಂತಿದೆ.

ಪಟ್ಟಿ ಮಾಡಿಕೊಟ್ಟವಳು ಸೋಮನೂರಿನ ನನ್ನ ಚಿಕ್ಕಮ್ಮ, ನನ್ನ ತಾಯಿಯ ತಂಗಿ ಸೌಡಮ್ಮ. ಅವಳು ಮನೆಯಲ್ಲಿ ಆಡುವುದು ಕನ್ನಡ, ಓದಲು ಬರುವುದು ತಮಿಳು. ಹಾಗಾಗಿ ನಾನು ಇಲ್ಲಿ ಬರೆಯುತ್ತಿರುವುದನ್ನು ಅವಳು ಓದಲಾರಳು. ಆ ಧೈರ್ಯದ ಮೇಲೆಯೇ ಮುಂದುವರಿಯುತ್ತಿದ್ದೇನೆ.

ಕಳೆದ ಮಾಘದಲ್ಲಿ ಚಿಕ್ಕಮ್ಮನ ಮೊಮ್ಮಗಳು ಹರಿಣಿಯ ನಿಶ್ಚಿತಾರ್ಥಕ್ಕೆಂದು ಸೋಮನೂರಿಗೆ ಹೊರಟೆ. ನನ್ನ ಪ್ರಯಾಣ ಯಾವುದೇ ಇರಲಿ, ಚೀಲದಲ್ಲಿ ದುರ್ಬೀನು ಇರುತ್ತದೆ. ಮಂಡಿನೋವಿಗೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ನಡೆಯಲು ಶುರುಮಾಡಿ, ಸುಮ್ಮನೆ ನಡೆಯಲು ಬೇಸರವಾಗಿ ಹಕ್ಕಿ ನೋಡಲು ಶುರುಮಾಡಿದವಳು ನಾನು. ಮುಳ್ಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವನ್ನು ಬೆಳ್ಳಕ್ಕಿ ಎಂದು ಹತ್ತು ಜನರಿಗೆ ತೋರಿಸಿದ ಕೀರ್ತಿ ನನ್ನದು. ದಿಂಬಂ ಘಾಟಿಯ ತಿರುವುಗಳಲ್ಲಿ ಮಂಗಟ್ಟೆ ಹಕ್ಕಿ ಕಾಣಬಹುದೆಂದು ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಬಸ್ಸಿನ ಕಿಟಕಿಗೆ ಮುಖ ಒತ್ತಿ ಕೂತಿದ್ದೆ. ಒಂದು ತಿರುವಿನಲ್ಲಿ ಬಸ್ಸು ಎಡಕ್ಕೆ, ನಾನು ಬಲಕ್ಕೆ. ಸೀಟಿನ ಕಂಬಿಗೆ ಸಿಕ್ಕಿದ ಹಳೆಯ ಪಟ್ಟಿ ಕಿತ್ತುಬಂತು. ಮಂಗಟ್ಟೆ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದವರು ನಿಂಬೆಹಣ್ಣು ಕೊಟ್ಟರು.

ಸೋಮನೂರು ತಲುಪಿದಾಗ ಸಂಜೆಯಾಗಿತ್ತು. ಆ ಊರಿಗೆ ಬಂದಿದ್ದೇವೆಂದು ಬೋರ್ಡು ಓದಿ ತಿಳಿಯಬೇಕಾಗಿಲ್ಲ. ಬೀದಿ ಬೀದಿಯಲ್ಲಿ ಮಗ್ಗದ ಸದ್ದು. ತರಿ ಎನ್ನುತ್ತಾರೆ ಅಲ್ಲಿ ಮಗ್ಗಕ್ಕೆ. ಚಿಕ್ಕಮ್ಮನ ಮನೆಯ ಹಿಂದೆಯೇ ಷೆಡ್ಡು. ಮಗ ಈಗ ಅದನ್ನು ನೋಡಿಕೊಳ್ಳುತ್ತಾನೆ. ಗಂಡ ಇದ್ದಾಗಿನಿಂದ ಮೊನ್ನೆಮೊನ್ನೆಯವರೆಗೂ ಚಿಕ್ಕಮ್ಮ ಅಲ್ಲಿ ಬಣ್ಣವಿಲ್ಲದ ಬಿಳಿಯ ಬಟ್ಟೆ ನೇಯ್ದಳು. ಬಣ್ಣ ಹಾಕುವುದೆಲ್ಲ ಬೇರೆ ಊರಿನವರ ಕೆಲಸ. ಜೀವಮಾನವೆಲ್ಲ ಬಿಳಿಯ ಬಟ್ಟೆ ನೋಡಿದವಳಿಗೆ ಮಣ್ಣಿನ ಬಣ್ಣದ ಮೇಲೆ ಗೌರವ ಎಲ್ಲಿಂದ ಬರಬೇಕು ಹೇಳಿ.

"ಏನ್ ಕಣ್ಣು, ಇಷ್ಟು ಒಣಗ್ಬುಟ್ಟಿದೀಯಾ! ನಿನ್ ಗಂಡ ಸೋರು ಹಾಕಲ್ವಾ?"

ಕಣ್ಣು, ಸಾಮಿ ಎಂಬುದೆಲ್ಲ ಅಲ್ಲಿಯ ಮುದ್ದಿನ ಕರೆ, ಅನ್ನಕ್ಕೆ ಸೋರು ಎನ್ನುತ್ತಾರೆ. ಚಿಕ್ಕಮ್ಮ ಹೀಗೆ ಕೇಳಿದ್ದು ಬಾಗಿಲಲ್ಲಿ ನಿಂತು, ನನ್ನನ್ನು ತಬ್ಬಿಕೊಂಡು, ಕಿವಿಯ ಪಕ್ಕದಲ್ಲಿ. ಎದುರು ಮನೆಯವರು ಹೊರಗೆ ಬಂದು ನನ್ನ ಮೈಕಟ್ಟನ್ನು ಪರಿಶೀಲಿಸಿ ಒಳಗೆ ಹೋದರು. ನಮ್ಮ ತಾಯಿಯ ಮನೆಯವರೆಲ್ಲರ ದನಿಯೂ ಹೀಗೇ. ತರಿಯ ಸದ್ದಿನ ಮೇಲೆ ಮಾತು ಹಾಯಿಸಿ ಹಾಯಿಸಿ ಗಂಟಲು ಹಾಗೆ ತಯಾರಾಗಿಬಿಟ್ಟಿದೆ. ನನ್ನದೂ ಕಡಿಮೆಯೇನಲ್ಲ. ನಾನು ಏಳನೇ ತರಗತಿಗೆ ಲೆಕ್ಕ ಹೇಳಿದರೆ ಪಕ್ಕದ ಕೋಣೆಯ ಆರನೇ ತರಗತಿಯವರೂ ಉತ್ತರ ಬರೆಯುತ್ತಾರೆ.

ದನಿ ಕೊಟ್ಟ ತರಿ ಕಿವಿಯನ್ನು ತೆಗೆದುಕೊಂಡಿತ್ತು. ಚಿಕ್ಕಮ್ಮನಿಗೆ ಈಗ ಹತ್ತಿರ ಕೂತು ಕೂಗಿದರೂ ಅರ್ಧಂಬರ್ಧ. ಮಗ ತಂದುಕೊಟ್ಟ ಕಿವಿಯ ಮಿಷಿನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಬೆಚ್ಚಗೆ ಮಲಗಿದೆ. "ಅದು ಹಾಕ್ಕೊಂಡ್ರೆ ಬರೀ ಸತ್ತಂ, ಮಾತೇ ಇಲ್ಲ" ಎಂದು ಅವಳ ದೂರು. ಸತ್ತಂ ಎಂದರೆ ಗದ್ದಲ.

ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಸೊಸೆ ಗೀತಾ ಅಡುಗೆಮನೆಯಲ್ಲಿ ನನ್ನನ್ನು ಹಿಡಿದುಕೊಂಡಳು.

"ಅಕ್ಕಾ, ಅತ್ತೆ ನಾಳಿದ್ದು ನಿಶ್ಚಯಕ್ಕೆ ಬರಲ್ಲಾಂತ ಪಿಡಿವಾದ ಮಾಡ್ತಾರೆ. ಎರಡ್ ವರ್ಷ ಆಯ್ತು, ಒಂದು ವಿಶೇಷಕ್ಕೂ ಬಂದಿಲ್ಲ. ಕೋವಿಲಿಗೂ ಇಲ್ಲ. ಸ್ವಂತ ಮೊಮ್ಮಗಳ ನಿಶ್ಚಯ! ಹುಡುಗನ ಕಡೆಯವ್ರು ಏನ್ ನೆನಸ್ತಾರೆ? ನೀವಾದ್ರೂ ಹೇಳಿ."

ಹೇಳಿದೆ. ಚಿಕ್ಕಮ್ಮ ನನ್ನ ತುಟಿಯನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡು, "ನೀವೆಲ್ಲಾ ಹೋಗಿ ಬನ್ನಿ ಸಾಮಿ. ನಾನ್ ಮನೇಲಿ ಇರ್ತೀನಿ. ಕಾದು ಕೇಳ್ದಿರೋ ಕಿಳವಿ ಅಲ್ಲಿ ಬಂದು ಏನ್ ಮಾಡೋದು?" ಎಂದಳು. ಕಾದು ಎಂದರೆ ಕಿವಿ, ಕಿಳವಿ ಎಂದರೆ ಮುದುಕಿ. ಹರಿಣಿ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತೂ ಆಗಿತ್ತಂತೆ. ಅಜ್ಜಿ ಅವಳ ತಲೆ ಬಾಚಿ, ಹೂ ಮುಡಿಸಿ, ಬರುವುದಿಲ್ಲ ಎಂದಿದ್ದಳು.

ಮಾತು ಅಲ್ಲಿಗೇ ನಿಂತಿತು. ಚಿಕ್ಕಮ್ಮನ ಕಣ್ಣು ನನ್ನ ಕಿತ್ತುಹೋದ ಪಟ್ಟಿಯ ಮೇಲೆ ಬಿತ್ತು. ಏನೂ ಕೇಳದೆ ಪೆಟ್ಟಿಗೆ ತೆಗೆದು ಹಳೆಯ ಸೀರೆಯೊಂದರ ಅಂಚಿಗೆ ಕತ್ತರಿ ಹಾಕಿದಳು. "ಬಣ್ಣ ಜಾಸ್ತಿ ಆಯ್ತು ಚಿಕ್ಕಮ್ಮ" ಎಂದೆ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಇಲ್ಲಿ ತರಿಯ ಷೆಡ್ಡಿನ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ತರಿ ಓಡುವಾಗ ಅಲ್ಲಿ ಯಾರೂ ಯಾರ ದನಿಯನ್ನೂ ಕೇಳಲಾಗುವುದಿಲ್ಲ. ದನಿ ಇಲ್ಲದೆ ತುಟಿ ಅಗಲಿಸಿ ಆಡುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಉಳಿದದ್ದು ಕೈಯಲ್ಲಿ. ಬೇಸಿಗೆ ರಜೆಯಲ್ಲಿ ಅಮ್ಮನ ಜೊತೆ ಸೋಮನೂರಿಗೆ ಹೋಗುತ್ತಿದ್ದ ನಾನು ಈ ಕೈಮಾತನ್ನು ಮಗ್ಗಿಗಿಂತ ಮೊದಲು ಕಲಿತೆ. ಐದು ಬೆರಳು ಕೂಡಿಸಿ ಬಾಯಿಗೆ ತೋರಿಸಿದರೆ ಊಟ ಆಯಿತೇ ಎಂದು. ಮೀಸೆ ತಿರುವಿದರೆ ಮಾಲೀಕ ಬಂದ ಎಂದು. ಎರಡು ತೋರುಬೆರಳನ್ನು ಕೊಂಡಿ ಹಾಕಿ ಫಕ್ಕನೆ ಬಿಡಿಸಿದರೆ ನೂಲು ಕಿತ್ತಿದೆ, ತರಿ ನಿಲ್ಲಿಸು ಎಂದು. ಮತ್ತೆ ಕೊಂಡಿ ಹಾಕಿ, ಗಂಟು ಬಿಗಿದ ಹಾಗೆ ತಿರುಚಿ, ಅಂಗೈಯನ್ನು ಲಾಳಿಯ ಹಾಗೆ ಆಚೆ ಈಚೆ ಓಡಿಸಿದರೆ ಸರಿಯಾಯಿತು, ಓಡಲಿ ಎಂದು.

ಅಮ್ಮ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಾಗ ಈ ವಿದ್ಯೆಯನ್ನೂ ತಂದಳು. ಮನೆಗೆ ಬಂದ ನೆಂಟರ ಎದುರಲ್ಲೇ ನಿಂತು, ಮುಖದಲ್ಲಿ ನಗು ಇಟ್ಟುಕೊಂಡು, ಸೊಂಟದ ಹತ್ತಿರ ಬೆರಳಾಡಿಸಿ ನನಗೆ ಆಜ್ಞೆ ಕೊಡುತ್ತಿದ್ದಳು: ಹಾಲಿಗೆ ನೀರು ಸೇರಿಸು, ಚಕ್ಕುಲಿ ಡಬ್ಬಿ ತೆಗೆಯಬೇಡ. ಅಪ್ಪನಿಗೆ ಕೊನೆಯವರೆಗೂ ಇದು ಗೊತ್ತಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಕೊಳ್ಳೇಗಾಲದಲ್ಲಿ ಆ ಭಾಷೆ ಬಲ್ಲವಳು ನಾನೊಬ್ಬಳೇ ಉಳಿದೆ. ಒಬ್ಬರೇ ಉಳಿದರೆ ಅದು ಭಾಷೆಯಲ್ಲ, ಬರಿಯ ಕೈತುರಿಕೆ. ಅಮ್ಮನ ನೆನಪು ನನಗೆ ಹೆಚ್ಚಾಗಿ ಬರುವುದು ನೆಂಟರು ಬಂದಾಗ.

ಮರುದಿನ ಭಾನುವಾರ. ನೊಯ್ಯಲ್ ನದಿಯ ದಂಡೆಯಲ್ಲಿ ಹಕ್ಕಿ ನೋಡುವ ಸಣ್ಣ ಗುಂಪೊಂದು ಬೆಳಗ್ಗೆ ಸೇರುತ್ತದೆಂದು ನಮ್ಮ ಬಳಗದವರಿಂದ ತಿಳಿದುಕೊಂಡಿದ್ದೆ. ಗೀತಾಳ ಮೊಪೆಡ್ ಹೊರಗೆ ತೆಗೆಯುವಷ್ಟರಲ್ಲಿ ಹಿಂದಿನ ಸೀಟು ಕುಸಿಯಿತು. ತಿರುಗಿ ನೋಡಿದರೆ ಚಿಕ್ಕಮ್ಮ. ಕೈಯಲ್ಲಿ ವಯರಿನ ಬುಟ್ಟಿ, ಅದರಲ್ಲಿ ಇಡ್ಲಿ ಡಬ್ಬಿ.

"ಹೆಣ್ ಮಗು, ನದಿ ಪಕ್ಕ ಒಂಟಿಯಾಗಿ ಹೋಗ್ತೀಯಾ? ನಡಿ, ನಾನೂ ಬರ್ತೀನಿ."

ಹೆಣ್ಣುಮಗುವಿಗೆ ಐವತ್ತು ದಾಟಿದೆ ಎಂದು ವಾದಿಸುವ ಹೊತ್ತಲ್ಲ ಅದು. ಮಂಟಪಕ್ಕೆ ಬಾರದವಳು ನದಿಗಾದರೂ ಬಂದಳಲ್ಲ ಎಂದು ಗೀತಾ ಬಾಗಿಲಲ್ಲಿ ನಿಂತು ಕೈಮುಗಿದಳು. ನಮಗೋ, ದೇವರಿಗೋ.

ನೇಕಾರರ ಊರು, ನದಿ ತೀರ, ಹಕ್ಕಿ ಎಂದ ಕೂಡಲೇ ಇನ್ನೇನು ಗೀಜಗ ಬರುತ್ತದೆ, ಅದರ ಗೂಡನ್ನು ತೋರಿಸಿ ಇವಳು ನಾಲ್ಕು ಮಾತು ಬರೆಯುತ್ತಾಳೆ ಎಂದು ನೀವು ಕಾದಿದ್ದರೆ ಕ್ಷಮಿಸಿ. ಗೀಜಗ ಅವತ್ತು ಕಾಣಲಿಲ್ಲ. ಕಂಡದ್ದು ನೀರುಕಾಗೆ, ಬೆಳ್ಳಕ್ಕಿ, ಕೆಸರಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಕುಂಡೆಕುಸ್ಕ. ನಾನು ಚಿಕ್ಕವಳಿದ್ದಾಗ ಈ ನದಿ ಬಣ್ಣದ ಕಾರ್ಖಾನೆಗಳ ನೀರು ಸೇರಿ ದಿನಕ್ಕೊಂದು ಬಣ್ಣದಲ್ಲಿ ಹರಿಯುತ್ತಿತ್ತು. ಸೇತುವೆ ಮೇಲೆ ನಿಂತು, ಇವತ್ತು ಯಾವ ಬಣ್ಣ ಎಂದು ಮಕ್ಕಳು ಪಂಥ ಕಟ್ಟುತ್ತಿದ್ದೆವು. ಅದು ಆಟದ ವಿಷಯವಲ್ಲ ಎಂದು ಆಗ ಯಾರಿಗೆ ಗೊತ್ತು. ಈಗ ನದಿ ಪೂರ್ತಿ ಗುಣವಾಗಿದೆ ಎನ್ನಲಾರೆ. ಅಲ್ಲಲ್ಲಿ ನೊರೆ ಇದೆ, ಮೂಗು ಮುಚ್ಚಿಕೊಳ್ಳಬೇಕಾದ ಜಾಗಗಳಿವೆ. ಆದರೆ ನೀರಿಗೆ ನೀರಿನ ಬಣ್ಣ ಬಂದಿತ್ತು, ದಂಡೆಯ ಜೊಂಡು ಆಳೆತ್ತರ ಬೆಳೆದಿತ್ತು. ನನಗೆ ಬಹಳ ಸಂತೋಷವಾಯಿತು.

ಗುಂಪಿನ ಮುಂದಾಳು ತೇನ್‌ಮೊಳಿ ಎಂಬ ಹುಡುಗಿ. ವಾರವೆಲ್ಲ ತಿರುಪ್ಪೂರಿನಲ್ಲಿ ಬನಿಯನ್ ತಪಾಸಣೆ ಮಾಡುತ್ತಾಳೆ, ಭಾನುವಾರ ಹಕ್ಕಿ ತೋರಿಸುತ್ತಾಳೆ. ಅವಳ ಜೊತೆ ನಾಲ್ಕೈದು ಜನ. ಅವರಲ್ಲೊಬ್ಬರು ಫಿರಂಗಿಯಂಥ ಕ್ಯಾಮರಾ ಹೊತ್ತವರು. ಜೊಂಡಿನಲ್ಲಿ ಗುಪ್ಪಿ ಎಂಬ ಹಕ್ಕಿ ಇದೆ, ತುಂಬ ನಾಚಿಕೆಯದು, ಯಾರೂ ಸದ್ದು ಮಾಡಬೇಡಿ ಎಂದು ತೇನ್‌ಮೊಳಿ ತಮಿಳಿನಲ್ಲಿ ಹೇಳಿದಳು. ಕ್ಯಾಮರಾದವರು ಆ ಗುಪ್ಪಿಗಾಗಿ ಮೂರು ಭಾನುವಾರದಿಂದ ಬರುತ್ತಿದ್ದರಂತೆ. ಎಲ್ಲರೂ ಬೆಕ್ಕಿನ ಹೆಜ್ಜೆಯಲ್ಲಿ ಹೊರಟೆವು. ಎದುರಿನ ದಿಬ್ಬದ ಮೇಲೆ ಬೆಳ್ಳಕ್ಕಿಗಳು, ನೀರುಕಾಗೆಗಳು ಸಾಲಾಗಿ ಕೂತಿದ್ದವು. ಕ್ಯಾಮರಾದವರು ಮೊಣಕಾಲೂರಿದರು. ಚಿಕ್ಕಮ್ಮ ನನ್ನ ತೋಳು ಹಿಡಿದು, ಬಾಗಿ, ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು, ಬಹಳ ಎಚ್ಚರಿಕೆಯಿಂದ ಪಿಸುಗುಟ್ಟಿದಳು.

"ಅಮ್ಮಾಡೀ! ಎಷ್ಟು ಕೊಕ್ಕು ನೋಡು ಕಣ್ಣೂ!"

ದಿಬ್ಬಕ್ಕೆ ದಿಬ್ಬವೇ ಎದ್ದು ಹಾರಿತು. ಕೊಕ್ಕು ಎಂದು ಅವಳು ಕರೆದ ಬೆಳ್ಳಕ್ಕಿ ಒಂದು ಕಡೆ, ನೀರುಕಾಗೆ ಒಂದು ಕಡೆ. ಜೊಂಡಿನಿಂದಲೂ ಏನೋ ಒಂದು ಬುರ್ರನೆ ಹೋಯಿತು. ಆಚೆ ದಂಡೆಯಲ್ಲಿ ಮೇಯುತ್ತಿದ್ದ ಎಮ್ಮೆ ತಲೆಯೆತ್ತಿ ನೋಡಿತು. ಚಿಕ್ಕಮ್ಮನ ಮಟ್ಟಿಗೆ ಅದು ಪಿಸುಮಾತೇ. ತನ್ನ ದನಿ ಎಷ್ಟು ದೂರ ಹೋಗುತ್ತದೆಂಬುದು ಅವಳಿಗೆ ಗೊತ್ತಾಗುವ ಬಗೆ ಯಾವುದು? ನಾನು ತಲೆ ತಗ್ಗಿಸಿದೆ. ಪ್ಲಾಸ್ಟಿಕ್ ಬೆಳ್ಳಕ್ಕಿಯ ದಿನದ ನಂತರ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ.

ಕ್ಯಾಮರಾದವರು ಪಕ್ಕದವರ ಕಡೆ ತಿರುಗಿ ತುಟಿಯಲ್ಲೇ ಏನೋ ಅಂದದ್ದು ಕಂಡಿತು, ನನಗೆ ಕೇಳಿಸಲಿಲ್ಲ. ಚಿಕ್ಕಮ್ಮ ಕೈ ಬಿಡಿಸಿಕೊಂಡು ಹಿಂದಕ್ಕೆ ಹೋಗಿ, ಬೇವಿನ ಮರದಡಿ ಬುಟ್ಟಿ ಇಟ್ಟು ಕೂತುಬಿಟ್ಟಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಉಳಿದವರು ಮುಂದೆ ಹೋದರು.

"ಹೋಗು ಕಣ್ಣು, ನೀನು ನೋಡು. ಯಾಕೆ ಈ ಕಿಳವಿಯ ಕರ್ಕೊಂಡ್ ಬಂದ್ರೋ ಅಂತಾನೆ ಆ ಫೋಟೋದವ್ನು" ಎಂದಳು. ಈ ಸಲ ದನಿ ನಿಜವಾಗಿಯೂ ತಗ್ಗಿತ್ತು.

"ನಿಂಗೆ ಹೇಗೆ ಕೇಳ್ಸಿತು?"

"ಕೇಳ್ಸಕ್ಕೆ ಕಾದು ಯಾಕೆ? ತುಟಿ ಇಲ್ವಾ?" ಅವಳು ನದಿಯ ಕಡೆ ನೋಡುತ್ತಲೇ ಹೇಳಿದಳು. "ಕೇಳ್ಸಲ್ಲ ಅಂತ ಗೊತ್ತಾದ್ರೆ ಜನ ಎದುರ್ಗೇ ಮಾತಾಡ್ತಾರೆ ಸಾಮಿ. ಪಾವಂ, ಹೀಗಾಗೋದ್ಲು ಅಂತಾರೆ. ಪಕ್ಕ ಕೂರ್ಬೇಡ, ಕೂಗಿ ಕೂಗಿ ಗಂಟಲು ಹೋಗುತ್ತೆ ಅಂತಾರೆ. ಸೊಸೆ ಹೇಗೆ ಸಮಾಳಿಸ್ತಾಳೋ ಅಂತಾರೆ. ಎಲ್ಲಾ ನಗ್ತಾ ನಗ್ತಾ. ನಾನೂ ನಗ್ತಾ ಕೂತಿರ್ಬೇಕು. ಎಷ್ಟ್ ಕಲ್ಯಾಣದಲ್ಲಿ ಹಾಗೆ ಕೂರೋದು ಹೇಳು? ನಾಳೆ ಹರಿಣಿ ಮಾಪಿಳ್ಳೆ ಮನೆಯವ್ರು ಏನಂತಾರೋ, ಅದು ನಾನ್ ನೋಡ್ಬಾರ್ದು."

ಅವಳು ಮಂಟಪಕ್ಕೆ ಬಾರದಿದ್ದುದು ಏನೂ ಕೇಳಿಸದ ಕಾರಣಕ್ಕೆ ಎಂದೇ ನಾವೆಲ್ಲ ತಿಳಿದಿದ್ದೆವು. ಅವಳಿಗೆ ಎಲ್ಲವೂ ತಿಳಿಯುತ್ತಿತ್ತು. ನನಗೆ ಅಳು ಬಂತು. ಅಳುವುದು ಕಂಡರೆ ಬೈಯುತ್ತಾಳೆಂದು ದುರ್ಬೀನನ್ನು ಕಣ್ಣಿಗೆ ಏರಿಸಿ, ನದಿಯ ಕಡೆ ಮುಖ ಮಾಡಿ ಕೂತೆ. ಒದ್ದೆ ಕಣ್ಣಿಗೆ ದುರ್ಬೀನಿನಲ್ಲಿ ಏನೂ ಕಾಣುವುದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಚಿಕ್ಕಮ್ಮ ಮೊಣಕೈಯಿಂದ ತಿವಿದಳು. ದುರ್ಬೀನು ಇಳಿಸಿ ನೋಡಿದರೆ, ಅವಳ ಎರಡು ತೋರುಬೆರಳು ಕೊಂಡಿ ಹಾಕಿ ಫಕ್ಕನೆ ಬಿಟ್ಟವು. ನೂಲು ಕಿತ್ತಿದೆ, ನಿಲ್ಲಿಸು! ಅವಳು ನೋಡುತ್ತಿದ್ದುದು ನದಿಯನ್ನಲ್ಲ, ಜನರನ್ನು. ಸ್ವಲ್ಪ ದೂರದಲ್ಲಿ ದಂಡೆಯ ತಿರುವಿನಲ್ಲಿ ತೇನ್‌ಮೊಳಿ ಅಲ್ಲಾಡದೆ ನಿಂತು, ನಮ್ಮ ಕಡೆಗೆ ಮುಖ ತಿರುಗಿಸಿ, ದನಿಯಿಲ್ಲದೆ ತುಟಿಯಾಡಿಸುತ್ತಿದ್ದಳು. ನಡುವೆ ನಿಂತ ಉಳಿದವರು ಏನು, ಎಲ್ಲಿ ಎಂದು ಕತ್ತು ಆಡಿಸುತ್ತ, ಅವಳು ಹೇಳುವುದು ತಿಳಿಯದೆ ಪೇಚಾಡುತ್ತಿದ್ದರು. ಗಾಳಿಗೆ ಜೊಂಡು ಸರಸರ ಅನ್ನುತ್ತಿತ್ತು. ಅವಳು ನಿಜವಾಗಿ ಪಿಸುಗುಟ್ಟಿದ್ದರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಚಿಕ್ಕಮ್ಮನಿಗೆ ಮಾತ್ರ ಕೇಳಿಸುತ್ತಿತ್ತು. ತುಟಿ ನೋಡುತ್ತಲೇ ಅವಳ ಕೈ ನನ್ನ ಎದುರು ಓಡಿತು. ಎಡಗಡೆ. ಜೊಂಡಿನ ಒಳಗೆ. ಬಾಗಿದ ಗಿಡದ ಬುಡದಲ್ಲಿ. ಮೊಣಕೈ ಮಡಚಿ ಅಂಗೈ ಮೇಲೆತ್ತಿದಳು: ಕತ್ತು ನೆಟ್ಟಗೆ ಮಾಡಿ ನಿಂತಿದೆ. ನಾನು ಎದ್ದು, ಮೆಲ್ಲಗೆ ನಡೆದು ಹೋಗಿ, ಕ್ಯಾಮರಾದವರ ಭುಜ ಮುಟ್ಟಿ, ಬೆರಳು ಚಾಚಿ ತೋರಿಸಿದೆ. ಅವರು ನೋಡಿದರು, ಇನ್ನೊಬ್ಬರಿಗೆ ತೋರಿಸಿದರು. ಜೊಂಡಿನ ಕಡ್ಡಿಗಳ ನಡುವೆ ಇನ್ನೊಂದು ಕಡ್ಡಿಯ ಹಾಗೆ, ಕೊಕ್ಕನ್ನು ಆಕಾಶಕ್ಕೆ ಎತ್ತಿ, ಗುಪ್ಪಿ ನಿಂತಿತ್ತು. ಅದರ ಕಣ್ಣು ಹಳದಿ.

ಹಕ್ಕಿ ತನ್ನ ಪಾಡಿಗೆ ಒಳಗೆ ಸರಿದು ಹೋದ ಮೇಲೆ ಎಲ್ಲರೂ ಬೇವಿನ ಮರದಡಿಗೆ ಬಂದರು. ಇಡ್ಲಿ ಡಬ್ಬಿ ಬಿಚ್ಚಿಕೊಂಡಿತು. ಕ್ಯಾಮರಾದವರು ತಾವು ಹೊತ್ತು ತಂದಿದ್ದ ಮಡಚುವ ಸ್ಟೂಲನ್ನು ಬಿಡಿಸಿ ಚಿಕ್ಕಮ್ಮನ ಮುಂದೆ ಇಟ್ಟರು. ಅವಳು ಅದರ ಮೇಲೆ ಕೂತು, ಅವರಿಗೆ ಎರಡು ಇಡ್ಲಿ ಜಾಸ್ತಿ ಹಾಕಿದಳು. ತೇನ್‌ಮೊಳಿ ಎದುರು ಬಂದು ಕುಕ್ಕರಗಾಲಲ್ಲಿ ಕೂತು, ಮುಂದಿನ ವಾರವೂ ಬರುತ್ತೀರಾ ಅಮ್ಮಾ ಎಂದು ದನಿಯಿಲ್ಲದೆ ತುಟಿಯಲ್ಲೇ ಕೇಳಿದಳು. ಹುಡುಗಿ ಚುರುಕು.

"ನೋಡೋಣ, ನೋಡೋಣ. ವೇಲೆ ಇಲ್ಲದಿದ್ರೆ ಬರ್ತೀನಿ" ಎಂದು ಚಿಕ್ಕಮ್ಮ ಪಿಸುಗುಟ್ಟಿದಳು. ವೇಲೆ ಎಂದರೆ ಕೆಲಸ. ಆಗಷ್ಟೇ ಮರಳಿ ಕೂತಿದ್ದ ಬೆಳ್ಳಕ್ಕಿಗಳು ಮತ್ತೆ ಎದ್ದವು. ಈ ಸಲ ಎಲ್ಲರೂ ನಕ್ಕರು, ಅವಳೂ ನಕ್ಕಳು.

ಮೊಪೆಡ್ ಹತ್ತುವ ಮುಂಚೆ ಅವಳ ಎದುರು ನಿಂತು ಕೈಮಾತಿನಲ್ಲಿ ಹೇಳಿದೆ: ನಾಳೆ ಬಾ. ನನ್ನ ಎದುರಿಗೆ ಕೂತುಕೋ. ಅವರು ಏನು ಆಡಿದರೂ ನನಗೂ ಹೇಳು, ಒಬ್ಬಳೇ ಇಟ್ಟುಕೊಳ್ಳಬೇಡ. ಬಹಳ ವರ್ಷಗಳ ಮೇಲೆ ನನ್ನ ಬೆರಳು ಆ ಮಾತಾಡಿದ್ದು. ಎಷ್ಟೋ ತಪ್ಪಿರಬೇಕು. ಅವಳು ನನ್ನ ಬೆರಳನ್ನು ಹಿಡಿದು ತಿದ್ದಿ, ಹಿಂದಿನ ಸೀಟು ಹತ್ತಿದಳು.

ಮರುದಿನ ಬೆಳಗ್ಗೆ ಗೀತಾ ತಟ್ಟೆ ಜೋಡಿಸುತ್ತಿದ್ದಳು. ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು, ವಯರಿನ ಬುಟ್ಟಿ ಹಿಡಿದು ಹೊರಗೆ ಬಂದು, "ಏನ್ ನೋಡ್ತೀರಾ? ನೇರ ಆಯ್ತಿಲ್ವಾ?" ಎಂದಳು. ಹೊತ್ತಾಗಲಿಲ್ಲವೇ ಎಂದು ಗದರಿದ ಆ ದನಿ ಆಚೆ ಬೀದಿಗೂ ಮುಟ್ಟಿರಬೇಕು. ಹರಿಣಿ ಓಡಿಬಂದು ತಬ್ಬಿಕೊಂಡಳು. ಗೀತಾ ತಟ್ಟೆ ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ಮಂಟಪದಲ್ಲಿ ನಾಗಸ್ವರ, ಡೋಲು, ಅದರ ಮೇಲೆ ಧ್ವನಿವರ್ಧಕ. ಪಕ್ಕದವರು ಏನೆಂದರೂ ಕೇಳಿಸದೆ ಎಲ್ಲರೂ ಕಿವಿಗೆ ಕೈಯಿಟ್ಟು ಆಂ, ಆಂ ಎನ್ನುತ್ತಿದ್ದರು. ತರಿಯ ಷೆಡ್ಡೇ. ಅಷ್ಟು ಜನರಲ್ಲಿ ನೆಮ್ಮದಿಯಾಗಿ ಕೂತವಳು ಚಿಕ್ಕಮ್ಮ ಒಬ್ಬಳೇ. ಎದುರಿನ ಸಾಲಿನ ಕುರ್ಚಿಯಲ್ಲಿ ಕೂತು, ವೇದಿಕೆಯ ಪಕ್ಕ ತಾಂಬೂಲ ಹಿಡಿದು ನಿಂತ ನನಗೆ ಬೆರಳಿನಲ್ಲೇ ವರದಿ ಕಳುಹಿಸುತ್ತಿದ್ದಳು. ಹುಡುಗನ ಅಪ್ಪ ಕಾಫಿ ಕೇಳುತ್ತಿದ್ದಾನೆ. ಹುಡುಗನ ಅತ್ತೆಗೆ ನಮ್ಮ ಹೂವಿನ ಅಲಂಕಾರ ಸಾಲದಂತೆ. ನಾನು ನಗು ತಡೆಯಲಾರದೆ ತಾಂಬೂಲದ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

ಹುಡುಗ ಬಹಳ ಮೌನಿ. ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲ. ಗೀತಾಳಿಗೆ ಅದೇ ಒಂದು ಚಿಂತೆ. ಉಂಗುರ ತೊಡಿಸಿದ ಮೇಲೆ ಅವನು ಮೊದಲ ಸಲ ಹರಿಣಿಯ ಕಡೆ ಬಾಗಿ ಏನೋ ಹೇಳಿದ. ಹೇಳುತ್ತ ಎದುರಿನ ಸಾಲಿನಲ್ಲಿದ್ದ ಚಿಕ್ಕಮ್ಮನ ಕಡೆ ಕಣ್ಣು ಹಾಯಿಸಿದ. ನಾನು ತಾಂಬೂಲದ ತಟ್ಟೆಯನ್ನು ಕೆಳಗಿಟ್ಟೆ. ಚಿಕ್ಕಮ್ಮ ಅವನ ತುಟಿಯನ್ನೇ ನೋಡುತ್ತಿದ್ದಳು. ಅವಳ ಕೈ ಮಡಿಲಲ್ಲಿ ಹಾಗೇ ಇತ್ತು. ಏನಂದ ಎಂದು ಬೆರಳಿನಲ್ಲಿ ಕೇಳಿದೆ. ಕೈ ಏಳಲಿಲ್ಲ. ಮತ್ತೊಮ್ಮೆ ಕೇಳಿದೆ.

ಅವಳು ನಿಧಾನವಾಗಿ ವೇದಿಕೆಯ ಮೇಲಿನ ಹುಡುಗನನ್ನು ತೋರಿಸಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡಳು. ಆಮೇಲೆ ಐದು ಬೆರಳು ಕೂಡಿಸಿ ಬಾಯಿಗೆ ತಂದಳು. ನಿಮ್ಮ ಅಜ್ಜಿ ಊಟ ಮಾಡಿದರಾ ಎಂದು ಅವನು ಹರಿಣಿಯನ್ನು ಕೇಳಿದ್ದ.

ಚಿಕ್ಕಮ್ಮನ ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಎರಡು ತೋರುಬೆರಳನ್ನು ಕೊಂಡಿ ಹಾಕಿ, ಗಂಟು ಬಿಗಿದು, ಅಂಗೈಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಓಡಿಸಿದಳು. ಸರಿಯಾಗಿದೆ, ಓಡಲಿ.